ಸ್ವಾಮ್ಯವೆಂದರೇನು? ಒಂದು ಪಾಳು ಕಾಲುವೆಯ ನಿಮಿತ್ತ

ಹಣ ಕೊಟ್ಟು ಕೊಂಡದ್ದು ಕೊಂಡವನದು ಎಂಬುದು ಲೋಕದ ಮಾತು. ಈ ಮಾತಿನಲ್ಲಿ ಸುಳ್ಳಿಲ್ಲ. ಇದಿಲ್ಲದಿದ್ದರೆ ಸಂತೆಯೂ ನಡೆಯದು, ಸಂಸಾರವೂ ನಡೆಯದು. ಆದರೆ ಕೊಂಡ ವಸ್ತುವಿನಲ್ಲಿ ಕೊಂಡವನ ಸ್ವಾಮ್ಯ ಎಲ್ಲಿಯವರೆಗೆ ಚಾಚಿಕೊಂಡಿದೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಗುರುಕುಲದ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಬರೆದ ಪತ್ರದಿಂದ ಈ ಪ್ರಶ್ನೆ ನಮ್ಮ ಮುಂದೆ ಬಂದಿದೆ. ಅದನ್ನು ಓದುಗರಾದ ನಿಮ್ಮೊಡನೆ ಕೂಡಿಯೇ ವಿಚಾರ ಮಾಡಬೇಕೆನಿಸಿತು.

ಲಂಡನ್ನಿಗೆ ದಕ್ಷಿಣದಲ್ಲಿ ಸರ್ರೆ ಎಂಬ ಸೀಮೆಯಿದೆ. ಅಲ್ಲಿಯ ಹಳ್ಳಿಗಾಡಿನಲ್ಲಿ ಅವರು ಒಂದು ಹಳೆಯ ಮನೆಯನ್ನೂ ಅದರ ಸುತ್ತಲಿನ ನೆಲವನ್ನೂ ಕೊಳ್ಳಲು ಹೊರಟಿದ್ದಾರೆ. ಹಿತ್ತಿಲ ಆಚೆಗೆ ಆ ನೆಲವನ್ನು ಸೀಳಿಕೊಂಡು ಒಂದು ತಗ್ಗು ಹೋಗಿದೆ. ತಗ್ಗಿನ ತುಂಬ ಮರ, ಮುಳ್ಳುಕಂಟಿ. ನಡುವೆ ಒಂದು ಇಟ್ಟಿಗೆಯ ಕಮಾನು ಸೇತುವೆ. ಅದು ವೇ ಮತ್ತು ಆರನ್ ಎಂಬ ಎರಡು ನದಿಗಳನ್ನು ಜೋಡಿಸುತ್ತಿದ್ದ ಕಾಲುವೆಯ ಅವಶೇಷ. ಹಿಂದಿನ ಒಡೆಯರು ತಗ್ಗಿನ ಅರ್ಧವನ್ನು ಮಣ್ಣು ತುಂಬಿ ಹುಲ್ಲುಹಾಸು ಮಾಡಿದ್ದಾರಂತೆ. ಉಳಿದ ಅರ್ಧವನ್ನು ತಾನು ಮುಚ್ಚಿದರೆ ತಪ್ಪೇನು? ನಾಳೆ ಕಾಲುವೆಯನ್ನು ಮತ್ತೆ ತೆರೆಯಬೇಕೆನ್ನುವವರು ಬಾಗಿಲಿಗೆ ಬಂದರೆ ಏನು ಹೇಳಬೇಕು? ಇವು ಅವರ ಪ್ರಶ್ನೆಗಳು.

ಮೊದಲು ಆ ಕಾಲುವೆಯ ಕಥೆಯನ್ನು ತಿಳಿಯಬೇಕು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನ ದಕ್ಷಿಣ ಕಡಲಿನಲ್ಲಿ ಸರಕಿನ ಹಡಗುಗಳಿಗೆ ಶತ್ರುಭಯವಿತ್ತು. ಲಂಡನ್ನಿನಿಂದ ದಕ್ಷಿಣದ ರೇವುಗಳಿಗೆ ಒಳನಾಡಿನಲ್ಲಿಯೇ ಜಲಮಾರ್ಗವಿದ್ದರೆ ಕ್ಷೇಮವೆಂದು ಬಗೆದು, 1813ರಲ್ಲಿ ಪಾರ್ಲಿಮೆಂಟಿನ ಶಾಸನ ಪಡೆದು ಕೆಲಸ ಆರಂಭಿಸಿದರು. ಕಾಲುವೆ ತೆರೆದದ್ದು 1816ರಲ್ಲಿ. ಯುದ್ಧ 1815ರಲ್ಲಿಯೇ ಮುಗಿದಿತ್ತು! ಯಾವ ಭಯಕ್ಕಾಗಿ ಕಟ್ಟಿದರೋ ಆ ಭಯವೇ ಇಲ್ಲದಂತಾದ ಮೇಲೆ ಕಾಲುವೆ ಕಲ್ಲಿದ್ದಲು, ಸುಣ್ಣ ಹೊತ್ತುಕೊಂಡು ಹೇಗೋ ಅರ್ಧ ಶತಮಾನ ಬದುಕಿತು. 1865ರಲ್ಲಿ ಅದರ ಮಗ್ಗುಲಿಗೇ ರೈಲು ಬಂದಿತು. 1871ರಲ್ಲಿ ಕಾಲುವೆಯನ್ನು ಮುಚ್ಚಿ, ಅದರ ನೆಲವನ್ನು ತುಂಡುತುಂಡಾಗಿ ಮಾರಿದರು. ಆ ರೈಲುಹಾದಿಯೂ ನೂರು ವರ್ಷ ಬಾಳಿ 1965ರಲ್ಲಿ ಮುಚ್ಚಿಹೋಯಿತು. ಆದರೆ ಅದು ಇಂದು ಸಾರ್ವಜನಿಕರು ನಡೆದಾಡುವ ಕಾಲುದಾರಿಯಾಗಿದೆ. ಕಾಲುವೆಯ ಪಾಲಿಗೆ ಬಂದದ್ದು ಬೇಲಿಗಳು. ಒಂದೇ ಸೀಮೆಯಲ್ಲಿ ಒಂದರ ಪಕ್ಕದಲ್ಲೊಂದು ಇದ್ದ ಎರಡು ಹಾದಿಗಳಿಗೆ ಇಷ್ಟು ಭಿನ್ನವಾದ ಗತಿ ಒದಗಿದ್ದರಲ್ಲಿ ಧರ್ಮಾಧರ್ಮದ ನಿರ್ಣಯವೇನೂ ಇರಲಿಲ್ಲ. ಯಾವ ಕಾಲದಲ್ಲಿ ಮಾರಾಟವಾಯಿತು, ಯಾರು ಕೊಂಡರು ಎಂಬುದಷ್ಟೇ ಅದನ್ನು ನಿರ್ಣಯಿಸಿತು.

ಈಗ ಸ್ವಾಮ್ಯದ ಪ್ರಶ್ನೆಗೆ ಬರೋಣ. ಶ್ರಮದಿಂದ ಸ್ವತ್ತು ಹುಟ್ಟುತ್ತದೆಂದು ಹದಿನೇಳನೆಯ ಶತಮಾನದ ಆಂಗ್ಲ ತತ್ತ್ವಜ್ಞ ಜಾನ್ ಲಾಕ್ ವಾದಿಸಿದನು. ಯಾರ ಸ್ವತ್ತೂ ಅಲ್ಲದ ನೆಲದಲ್ಲಿ ಮನುಷ್ಯ ತನ್ನ ದುಡಿಮೆಯನ್ನು ಬೆರೆಸಿದಾಗ ಅದು ಅವನದಾಗುತ್ತದೆ ಎಂಬುದು ಅವನ ಮತ. ಈ ಮತವನ್ನು ಕಾಲುವೆಗೆ ಅನ್ವಯಿಸಿ ನೋಡಿರಿ. ಅಂಥ ಕಾಲುವೆಗಳನ್ನು ಅಗೆದವರು ‘ನ್ಯಾವಿ’ಗಳೆಂಬ ಕೂಲಿಗಳು; ಜಲಮಾರ್ಗ ಎಂಬರ್ಥದ ಆಂಗ್ಲ ಪದದಿಂದಲೇ ಅವರಿಗೆ ಆ ಹೆಸರು ಬಂದಿತು. ಗುದ್ದಲಿ, ಸಲಿಕೆ, ಕೈಗಾಡಿಗಳಿಂದ ಮೈಲಿಗಟ್ಟಲೆ ತೋಡಿದರು. ನೀರು ಇಂಗಿಹೋಗದಂತೆ ಜೇಡಿಮಣ್ಣನ್ನು ನೀರಿನಲ್ಲಿ ಕಲಸಿ, ಕಾಲಿನಿಂದ ತುಳಿದು ಹದಮಾಡಿ ತಳಕ್ಕೂ ಬದಿಗೂ ಮೆತ್ತಿದರು. ಕೆಲವೆಡೆ ದನಗಳನ್ನು ಹಾಯಿಸಿ ತುಳಿಸುವುದೂ ಉಂಟಾಗಿತ್ತು. ಕೆರೆಯ ಏರಿ ಕಟ್ಟುವುದನ್ನು ಕಂಡಿರುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶ್ರಮವೇ ಸ್ವತ್ತಿನ ಮೂಲವಾದರೆ ಆ ತಗ್ಗು ಅವರದಾಗಬೇಕಿತ್ತು. ಆದರೆ ಅದೇ ಲಾಕ್, ತನ್ನ ಆಳು ಕತ್ತರಿಸಿದ ಹುಲ್ಲುಹೆಂಟೆಯೂ ತನ್ನದೇ ಎಂದು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ಕೂಲಿ ಕೊಟ್ಟವನಿಗೆ ಕೂಲಿಯವನ ದುಡಿಮೆಯೂ ಸೇರಿತೆಂಬುದು ಇದರ ಭಾವ. ಸಿದ್ಧಾಂತದ ಬುಡದಲ್ಲಿಯೇ ಇರುವ ಈ ಬಿರುಕನ್ನು ನಾವು ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಗಮನಿಸಿದ್ದೆವು. ಇಂದಿಗೂ ಅದು ನಮಗೆ ಮುಚ್ಚಿದಂತೆ ಕಾಣುವುದಿಲ್ಲ.

ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಈ ವಿಷಯದಲ್ಲಿ ಹೆಚ್ಚು ವಿವೇಕಿಯೆಂದು ನಮ್ಮ ಅಭಿಪ್ರಾಯ. ಸ್ವತ್ವವೆಂಬುದು ಲೌಕಿಕ, ಲೋಕವ್ಯವಹಾರದಿಂದಲೇ ಅದು ಸಿದ್ಧವಾಗುತ್ತದೆ ಎಂದು ಅವನು ನಿರ್ಣಯಿಸಿದನು. ಲೋಕ ಒಪ್ಪಿ ಕೊಟ್ಟದ್ದು ಎಂದ ಮೇಲೆ, ಲೋಕಕ್ಕೆ ಅದರೊಡನೆ ಸಂಬಂಧ ಪೂರ್ತಿ ಕಡಿದುಹೋಗಲಾರದು ಎಂದು ನಾವು ಇದರಿಂದ ಊಹಿಸುತ್ತೇವೆ. ಇದು ನಮ್ಮ ಊಹೆ, ವಿಜ್ಞಾನೇಶ್ವರನ ಮಾತಲ್ಲ.

ಇಂಗ್ಲೆಂಡಿನ ಶಾಸನವೂ ಈ ಸಂಬಂಧವನ್ನು ಸ್ವಲ್ಪಮಟ್ಟಿಗೆ ಒಪ್ಪಿದೆ. 1979ರ ಪ್ರಾಚೀನ ಸ್ಮಾರಕಗಳ ಶಾಸನ ಮತ್ತು ಐತಿಹಾಸಿಕ ಕಟ್ಟಡಗಳನ್ನು ಕುರಿತ 1990ರ ಶಾಸನಗಳ ಪ್ರಕಾರ, ರಕ್ಷಿತ ಪಟ್ಟಿಗೆ ಸೇರಿದ ಕಟ್ಟಡವನ್ನು ಅದರ ಒಡೆಯನೇ ಆದರೂ ಒಪ್ಪಿಗೆಯಿಲ್ಲದೆ ಕೆಡವುವಂತಿಲ್ಲ. ಆದರೆ ಪಟ್ಟಿಗೆ ಸೇರದ ಅವಶೇಷಗಳು ಎಷ್ಟೋ. ಕೆಡವಬಾರದೆಂಬ ನಿಯಮವಿದ್ದರೂ, ಕಣ್ಣೆದುರು ಕುಸಿಯುವುದನ್ನು ನೋಡುತ್ತ ಕುಳಿತವನನ್ನು ಎಚ್ಚರಿಸುವ ಬಲ ಶಾಸನಕ್ಕೆ ಕಡಿಮೆ. ಮುಂದಿನದು ಅಂತಃಕರಣದ ಪ್ರಾಂತ.

ಆದರೂ ಕಾಲುವೆಯನ್ನು ಪುಣ್ಯಕ್ಷೇತ್ರವೆಂದು ಭಾವಿಸಬೇಕಾಗಿಲ್ಲ. ಅದನ್ನು ತೋಡಿಸಿದ್ದು ಲಾಭದ ಆಸೆಯಿಂದ ಕೂಡಿದ ಕಂಪನಿ. ಲಾಭ ಬಾರದಾದಾಗ ಕೈಬಿಟ್ಟಿತು. ಪಾಳು ಬಿದ್ದದ್ದೆಲ್ಲ ನಷ್ಟವೂ ಅಲ್ಲ. ವೇಲ್ಸಿನ ಗಡಿಯ ಮಾಂಟ್‌ಗಮರಿ ಎಂಬ ಇನ್ನೊಂದು ಕಾಲುವೆಯಲ್ಲಿ ದೋಣಿಗಳು ನಿಂತ ಮೇಲೆ ಅಪರೂಪದ ಜಲಸಸ್ಯವೊಂದು ನೆಲೆಗೊಂಡಿತು. ಈಗ ಅಲ್ಲಿ ಜೀರ್ಣೋದ್ಧಾರಕರೇ ಆ ಸಸ್ಯವನ್ನು ಕಾಪಾಡುವ ಚಿಂತೆಯಲ್ಲಿದ್ದಾರೆ. ಮನೆಯ ಅಂಗಳದ ನೆಮ್ಮದಿಯನ್ನು ಬಯಸುವ ಗೃಹಸ್ಥನನ್ನು ಸ್ವಾರ್ಥಿಯೆಂದು ಹಳಿಯುವುದೂ ಸಲ್ಲದು. ಸಾಲ ಮಾಡಿ ಮನೆ ಕೊಂಡವನ ಹಿತ್ತಿಲಲ್ಲಿ ನಾಳೆ ಅಪರಿಚಿತರ ದೋಣಿ ಸಾಗಬೇಕೆಂದರೆ ಅದು ಸಣ್ಣ ಬೇಡಿಕೆಯಲ್ಲ.

ಇಷ್ಟೆಲ್ಲ ಒಪ್ಪಿಯೂ ನಾವು ಮುಚ್ಚಬಾರದೆಂದೇ ಹೇಳುತ್ತೇವೆ. ಕಾರಣ ಆ ಕಮಾನು ಸೇತುವೆಯಲ್ಲಿದೆ. ಕಾಲುವೆ ಹಾಯ್ದಾಗ ಅನೇಕ ರೈತರ ಹೊಲಗಳು ಎರಡಾಗಿ ಸೀಳಿದವು. ಆಚೆಯ ತುಂಡಿಗೆ ಎತ್ತು, ಗಾಡಿ ದಾಟಿಸಲು ಕಂಪನಿಯೇ ಸೇತುವೆ ಕಟ್ಟಿಕೊಡಬೇಕೆಂಬ ಕಟ್ಟಳೆ ಆ ದೇಶದ ಕಾಲುವೆಗಳಿಗೆಲ್ಲ ಇತ್ತು. ಹೊಲಗಳ ನಡುವೆ, ಊರ ದಾರಿಯಿಲ್ಲದೆಡೆ ಒಂಟಿಯಾಗಿ ನಿಂತ ಇಂಥ ಸೇತುವೆಗಳು ಬಹುಪಾಲು ಹೀಗೆ ಹುಟ್ಟಿದವು. ಒಬ್ಬನ ನೆಲವನ್ನು ಎಲ್ಲರ ಪ್ರಯೋಜನಕ್ಕೆ ಪಡೆದಾಗ ಅವನ ನಷ್ಟವನ್ನು ನೆನೆದು ಕಟ್ಟಿದ ಕಟ್ಟಡ ಅದು. ಸ್ವಂತದ ಹಕ್ಕು, ಸಮುದಾಯದ ಪ್ರಯೋಜನ ಎರಡಕ್ಕೂ ಎಡೆ ಮಾಡಿಕೊಟ್ಟ ಆ ಇಟ್ಟಿಗೆಗಳ ನೆಲವನ್ನು ಕೊಂಡವನು, ಕೊಟ್ಟವನ ತ್ಯಾಗದ ಫಲವನ್ನು ಮಾತ್ರ ಇಟ್ಟುಕೊಂಡು ಅದರ ಗುರುತನ್ನು ಮಣ್ಣಿನಲ್ಲಿ ಹೂಳುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ. ತೆರೆದಿಟ್ಟ ತಗ್ಗನ್ನು ಮುಂದಿನವನು ಬೇಕಾದರೆ ಮುಚ್ಚಿಯಾನು. ಮುಚ್ಚಿದ ಮೇಲೆ ತೆರೆಯುವುದು ಬಹು ಕಷ್ಟ. ಅದೇ ಕಾಲುವೆಯ ಹಾದಿಯಲ್ಲಿ ಬ್ರಾಮ್ಲಿ ಎಂಬ ಊರಿನ ಬಳಿ ಮನೆಗಳೆದ್ದು, ಮೂಲ ಜಾಡಿನಲ್ಲಿ ಹೋಗಲಾಗದೆ ಬಳಸುದಾರಿಯನ್ನು ಹುಡುಕಬೇಕಾಗಿ ಬಂದಿದೆ.

ಪುನರುದ್ಧಾರದ ಕೆಲಸವನ್ನು 1970ರಿಂದ ಕೆಲವರು ಸ್ವಯಂಪ್ರೇರಿತರಾಗಿ ನಡೆಸುತ್ತಿದ್ದಾರೆ. ಲಾಕ್ಸ್‌ವುಡ್ ಎಂಬಲ್ಲಿ ಕೆಲವು ಮೈಲಿ ತೆರೆದು, ಜನರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಉಳಿದೆಡೆ ಒಬ್ಬೊಬ್ಬ ಭೂಮಾಲೀಕನ ಒಪ್ಪಿಗೆಯನ್ನೂ ಬೇಡಿ ಪಡೆಯಬೇಕು. ಒಪ್ಪುವುದು, ಬಿಡುವುದು ನಮ್ಮ ವಿದ್ಯಾರ್ಥಿಯ ಮನೆಯವರೆಲ್ಲರೂ ಕೂಡಿ ತೀರ್ಮಾನಿಸಬೇಕಾದ ವಿಷಯ. ಪತ್ನಿ, ಮಕ್ಕಳ ನೆಮ್ಮದಿಯನ್ನು ಇಲ್ಲಿ ಕುಳಿತು ನಾವು ಅಳೆಯಲಾರೆವು. ಬಂದವರಿಗೆ ಬಾಗಿಲು ತೆರೆದು, ಕೂಡಿಸಿ, ನಕ್ಷೆ ಬಿಡಿಸಿ ನೋಡುವುದನ್ನು ಮಾತ್ರ ನಿರಾಕರಿಸಬಾರದೆಂದು ಬರೆದಿದ್ದೇವೆ. ಅದಕ್ಕೂ ಮೊದಲು, ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ, ಸೇತುವೆಯ ಮತ್ತು ನೀರು ಹರಿಯುವ ಮೋರಿಯ ಹೊಣೆ ಯಾರದೆಂದು ವಕೀಲರಿಂದ ಬರೆಸಿಕೊಳ್ಳಬೇಕು. ಕಮಾನಿನ ಸಂದಿನಲ್ಲಿ ಬೇರೂರಿರುವ ಸಸಿಗಳನ್ನು ಕೀಳುವ ಅವಸರ ಬೇಡ. ಕಿತ್ತರೆ ಇಟ್ಟಿಗೆಯೂ ಕಿತ್ತುಬರುತ್ತದೆ. ಬುಡದಲ್ಲಿ ಕತ್ತರಿಸಿ ಒಣಗಲು ಬಿಟ್ಟು, ಸುಣ್ಣದ ಗಾರೆ ಬಲ್ಲ ಗೌಂಡಿಯನ್ನು ಕರೆಸಿಕೊಳ್ಳಲಿ.