ದೀರ್ಘಸೂತ್ರಿಯ ಎಳೆ

ಕನಕಪುರ ತಾಲ್ಲೂಕಿನ ಒಂದು ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಆ ಮನೆಯ ಮಗಳು ಬೆಂಗಳೂರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ರಾಮನಗರ, ಚನ್ನಪಟ್ಟಣದ ಮಕ್ಕಳಿಗೆ ರೈಲಾದರೂ ಉಂಟು. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. ಬೆಳಗಿನ ಬಸ್ಸಿಗೆ ಹೋದವಳು ಮನೆ ಸೇರುವಾಗ ಕತ್ತಲಾಗಿರುತ್ತದೆ. ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿವೆ. ಹುಳು ಪೊರೆ ಕಳಚುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಹುಳು ತನ್ನ ಆಯಸ್ಸಿನಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ಖರ್ಚಾಗುವುದು ಈ ಜ್ವರ ಕಳೆದ ಮೇಲಿನ 7-8 ದಿನಗಳಲ್ಲೇ. ಹುಡುಗಿ ಬ್ಯಾಗು ಇಳಿಸಿದವಳೇ ಸೊಪ್ಪು ಹಾಕಲು ಹೋಗುತ್ತಾಳೆ. ಎಷ್ಟೇ ದಣಿದಿದ್ದರೂ ಅದು ತಪ್ಪುವುದಿಲ್ಲ. ಅದೇ ಹುಡುಗಿ ಮೂರು ವಾರದಿಂದ ಲ್ಯಾಬ್ ರೆಕಾರ್ಡು ಮುಟ್ಟಿಲ್ಲ.

ಅವಳನ್ನು ಸೋಮಾರಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ನಮ್ಮ ತತ್ತ್ವಶಾಸ್ತ್ರವೂ ಹಾಗೆನ್ನುವುದಿಲ್ಲ. ಅವಳ ಈ ಅವಸ್ಥೆಗೆ ಅಲ್ಲಿ ಬೇರೆಯದೇ ಹೆಸರಿದೆ: ದೀರ್ಘಸೂತ್ರತೆ.

ಸೂತ್ರ ಎಂದರೆ ದಾರ. ದೀರ್ಘಸೂತ್ರಿ ಎಂದರೆ ದಾರವನ್ನು ಉದ್ದಕ್ಕೆ ಎಳೆಯುತ್ತಲೇ ಇರುವವನು, ಮಾಡಬೇಕಾದದ್ದನ್ನು ಮುಗಿಸದೆ ಹಿಗ್ಗಿಸುವವನು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಕೆಲಸಗಾರರನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ವಿಂಗಡಿಸುವಾಗ ಈ ಪದ ಬರುತ್ತದೆ. ತಾಮಸ ಕರ್ತನ ಲಕ್ಷಣಗಳ ಸಾಲಿನ ಕೊನೆಗೆ ಅಲಸ, ವಿಷಾದಿ, ದೀರ್ಘಸೂತ್ರಿ ಎಂಬ ಮೂವರು ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ. ಇಂದು ಇಲ್ಲವೇ ನಾಳೆ ಮಾಡಬೇಕಾದದ್ದನ್ನು ತಿಂಗಳಾದರೂ ಮಾಡದವನು ಎಂದು ಶಂಕರಾಚಾರ್ಯರು ಕೊನೆಯವನನ್ನು ವಿವರಿಸುತ್ತಾರೆ. ಸೆಮಿಸ್ಟರ್ ಓದುವವರಿಗೆ ಇದಕ್ಕಿಂತ ಹತ್ತಿರದ ವಿವರಣೆ ಬೇಕಿಲ್ಲ.

ನನಗೆ ಮುಖ್ಯವೆನಿಸುವುದು ಆ ಮೂವರು ಬೇರೆಬೇರೆಯಾಗಿ ನಿಂತಿರುವುದು. ಮುಂದೂಡುವುದು ಸೋಮಾರಿತನವೇ ಆಗಿದ್ದರೆ ಎರಡು ಪದ ಬೇಕಿರಲಿಲ್ಲ. ಉದ್ಯೋಗಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಬುದ್ಧಿ ಹೇಳುವಾಗಲೂ ಹೀಗೆಯೇ. ಏಳಿಗೆ ಬಯಸುವವನು ಬಿಡಬೇಕಾದ ಆರು ದೋಷಗಳೆಂದು ನಿದ್ದೆ, ತೂಕಡಿಕೆ, ಭಯ, ಕೋಪ, ಆಲಸ್ಯ, ದೀರ್ಘಸೂತ್ರತೆಗಳನ್ನು ಎಣಿಸುತ್ತಾನೆ. ಇಲ್ಲಿಯೂ ಆಲಸ್ಯ ಬೇರೆ, ದೀರ್ಘಸೂತ್ರತೆ ಬೇರೆ. ಜೊತೆಗೆ ಗೀತೆಯಲ್ಲಿ ಅದರ ನೆರೆಯಲ್ಲಿ ವಿಷಾದವಿದೆ, ವಿದುರನ ಪಟ್ಟಿಯಲ್ಲಿ ಭಯವಿದೆ. ಈ ನೆರೆಹೊರೆಯವರನ್ನು ನೋಡಿದರೆ ದೀರ್ಘಸೂತ್ರಿಯ ಮನೆಯೊಳಗಿನ ಸಂಕಟ ಅರ್ಥವಾಗುತ್ತದೆ. ರೆಕಾರ್ಡು ತೆರೆದರೆ ಎಷ್ಟು ಬಾಕಿಯಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ತೆರೆಯದಿದ್ದರೆ ಆ ಒಂದು ಸಂಜೆಯ ಮಟ್ಟಿಗಾದರೂ ಎದೆ ಹಗುರ. ಹಿಂದೆ ನಮ್ಮ ಊರುಗಳಲ್ಲಿ ದೆವ್ವ ಬಾಗಿಲು ತಟ್ಟದಿರಲೆಂದು ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹೆದರಿದ ಹುಡುಗಿ ತನ್ನ ಪುಸ್ತಕದ ಮೇಲೂ ಅದನ್ನೇ ಬರೆದಿಟ್ಟಿದ್ದಾಳೆ.

ಹಾಗಾದರೆ ಸೊಪ್ಪು ಹಾಕುವ ಕೆಲಸವನ್ನು ಅವಳೇಕೆ ಮುಂದೂಡುವುದಿಲ್ಲ? ಹುಳು ಕಣ್ಣ ಮುಂದಿದೆ, ಅದರ ಹಸಿವು ಕಿವಿಗೆ ಕೇಳುತ್ತದೆ. ರಾತ್ರಿ ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು ಸೋನೆಮಳೆಯಂತಿರುತ್ತದೆ. ಕೆಲಸ ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂಬುದರಲ್ಲಿ ಗೊಂದಲವಿಲ್ಲ. ಆಮೇಲೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ರಾಮನಗರದ ಮಾರುಕಟ್ಟೆಗೆ ಒಯ್ಯುವುದು, ಒಂದರ ಹಿಂದೆ ಒಂದು. ರೆಕಾರ್ಡಿಗೆ ಈ ಯಾವ ಗೆರೆಯೂ ಇಲ್ಲ. ‘ಬರೆಯಬೇಕು’ ಎಂಬ ಒಂದೇ ಮಾತಾಗಿ ಅದು ತಲೆಯಲ್ಲಿ ಕೂತಿದೆ, ಇನ್ನೂ ಬಿಚ್ಚದ ಗೂಡಿನ ಹಾಗೆ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ನೂಲು ಬಿಚ್ಚುವ ಮನೆಗಳಿವೆ. ಒಮ್ಮೆ ಒಳಗೆ ಹೋಗಿ ನಿಂತು ನೋಡಬೇಕು. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ, ಒಳ್ಳೆಯ ದ್ವಿತಳಿ ಗೂಡಾದರೆ 1,000 ಮೀಟರಿನಷ್ಟು. ಅಷ್ಟೂ ಒಂದೇ ಎಳೆ. ಆದರೆ ಒಣ ಗೂಡನ್ನು ಕೈಯಲ್ಲಿ ಹಿಡಿದು ಎಷ್ಟು ತಿರುಗಿಸಿದರೂ ತುದಿ ಸಿಗುವುದಿಲ್ಲ. ಹುಳು ಉಗುಳಿದ ಅಂಟು ಗಟ್ಟಿಯಾಗಿ ಎಳೆಯ ಮೇಲೆ ಎಳೆ ಕಚ್ಚಿಕೊಂಡಿರುತ್ತದೆ. ಬಲವಂತವಾಗಿ ಕಿತ್ತರೆ ಗೂಡು ಹಾಳು. ಬಿಸಿನೀರಿನಲ್ಲಿ ಬೆಂದಾಗ ಅಂಟು ಸಡಿಲವಾಗುತ್ತದೆ, ಮೇಲಿನ ಸಿಕ್ಕು ತೆಗೆದರೆ ತುದಿ ಮೇಲೇಳುತ್ತದೆ. ಅಲ್ಲಿಂದಾಚೆಗೆ ದಾರ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮನಸ್ಸಿಗೆ ಹಿಡಿಯುವ ಇಂಥ ಅಂಟಿಗೆ ಪತಂಜಲಿಯ ಯೋಗಸೂತ್ರದಲ್ಲಿ ಹೆಸರಿದೆ. ಚಿತ್ತವನ್ನು ಚೆದುರಿಸುವ ಒಂಬತ್ತು ಅಡ್ಡಿಗಳಲ್ಲಿ ರೋಗದ ನಂತರ ಎರಡನೆಯದಾಗಿ ಬರುವುದು ಸ್ತ್ಯಾನ. ಆಲಸ್ಯ ಇಲ್ಲಿಯೂ ಬೇರೆಯಾಗಿ, ಐದನೆಯದಾಗಿ ಇದೆ. ಸ್ತ್ಯಾನ ಎಂದರೆ ಹೆಪ್ಪುಗಟ್ಟಿದ್ದು, ಚಳಿಗೆ ತುಪ್ಪ ಗಟ್ಟಿಯಾದಂತೆ. ಚಿತ್ತವು ಕೆಲಸಕ್ಕೆ ಒಗ್ಗದ ಸ್ಥಿತಿ ಎಂದು ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಇದನ್ನು ಬಿಡಿಸುತ್ತದೆ, ಆಲಸ್ಯವನ್ನು ಮೈಮನಗಳ ಭಾರ ಎನ್ನುತ್ತದೆ. ಭಾರಕ್ಕೆ ವಿಶ್ರಾಂತಿ ಮದ್ದು. ಹೆಪ್ಪುಗಟ್ಟಿದ್ದಕ್ಕೆ ಬೇಕಾದದ್ದು ಕಾವು. ಭಾನುವಾರವಿಡೀ ಮಲಗಿ ಎದ್ದರೂ ಸೋಮವಾರ ಪುಸ್ತಕ ಮುಟ್ಟಲಾಗದವರು ಈ ವ್ಯತ್ಯಾಸವನ್ನು ಒಂದು ಕ್ಷಣ ಯೋಚಿಸಬೇಕೆಂದು ನನ್ನ ಆಸೆ.

ಕಾವು ಎಂದರೆ ಇಲ್ಲಿ ದೊಡ್ಡ ಸಂಕಲ್ಪವೇನಲ್ಲ. ರೆಕಾರ್ಡಿನ ಒಂದು ಪ್ರಯೋಗದ ಶೀರ್ಷಿಕೆ, ತಾರೀಖು, ಒಂದು ಚಿತ್ರ, ಅಷ್ಟೇ. ‘ಇಂದು ಎಲ್ಲ ಮುಗಿಸುತ್ತೇನೆ’ ಎಂಬುದು ಒಣ ಗೂಡನ್ನು ಕೀಳುವ ಕೆಲಸ. ‘ಊಟಕ್ಕೆ ಮುಂಚೆ ಒಂದು ಚಿತ್ರ’ ಎಂಬುದು ತುದಿ ಹುಡುಕುವ ಕೆಲಸ.

ಅರಿವಿದ್ದೂ ಮಾಡದಿರುವ ಈ ಒಗಟು ಗ್ರೀಕರನ್ನೂ ಕಾಡಿತ್ತು. ಒಳ್ಳೆಯದು ಯಾವುದೆಂದು ನಿಜವಾಗಿ ತಿಳಿದವನು ಕೆಟ್ಟದ್ದನ್ನು ಆರಿಸಲಾರ ಎಂಬುದು ಸಾಕ್ರಟೀಸನ ನಿಲುವು. ಅರಿಸ್ಟಾಟಲ್ ಅದನ್ನು ಪೂರ್ತಿ ಒಪ್ಪದೆ, ತಿಳಿದೂ ಜಾರುವವನ ಸ್ಥಿತಿಯನ್ನು ಅಕ್ರೇಸಿಯ ಎಂಬ ಹೆಸರಿನಲ್ಲಿ ಚರ್ಚಿಸಿದ. ನಮ್ಮ ಹುಡುಗಿಗೆ ಅರಿವಿನ ಕೊರತೆಯಿಲ್ಲ. ಹಾಗಾಗಿ ಅವಳಿಗೆ ಇನ್ನಷ್ಟು ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ತಡವಾದದ್ದೆಲ್ಲ ದೀರ್ಘಸೂತ್ರತೆಯಲ್ಲ. ಶಾಂತಿಪರ್ವದಲ್ಲಿ ಭೀಷ್ಮ ಧರ್ಮರಾಯನಿಗೆ ಎರಡು ಕಥೆ ಹೇಳುತ್ತಾನೆ. ಒಂದರಲ್ಲಿ ಮೂರು ಮೀನುಗಳು. ಬೆಸ್ತರು ಕೆರೆಯ ನೀರನ್ನು ಹೊರಬಿಡುತ್ತಿದ್ದಾರೆ. ಮುಂದಾಲೋಚನೆಯ ಮೀನು ಕಾಲುವೆ ಹಿಡಿದು ಹೊರಟುಹೋಗುತ್ತದೆ. ಸಮಯಸ್ಫೂರ್ತಿಯ ಮೀನು ಸಿಕ್ಕಿಬಿದ್ದ ಮೇಲೂ ಉಪಾಯದಿಂದ ಪಾರಾಗುತ್ತದೆ. ಈಗಲೇ ಅವಸರವೇಕೆ ಎಂದ ಮೂರನೆಯದು ಸಾಯುತ್ತದೆ. ಅದರ ಹೆಸರೇ ದೀರ್ಘಸೂತ್ರ. ಇನ್ನೊಂದು ಕಥೆ ಚಿರಕಾರಿಯದು. ಕೋಪದಲ್ಲಿದ್ದ ಗೌತಮ ತನ್ನ ಮಗನಿಗೆ ತಾಯಿಯನ್ನು ಕೊಲ್ಲು ಎಂದು ಅಪ್ಪಣೆ ಕೊಟ್ಟು ಹೋಗುತ್ತಾನೆ. ಯಾವುದನ್ನೂ ನಿಧಾನವಾಗಿ ಮಾಡುವ ಆ ಮಗ ತಂದೆಯ ಮಾತು ದೊಡ್ಡದೋ ತಾಯಿಯ ಪ್ರಾಣ ದೊಡ್ಡದೋ ಎಂದು ಬಹಳ ಹೊತ್ತು ಯೋಚಿಸುತ್ತಾ ನಿಲ್ಲುತ್ತಾನೆ. ಅಷ್ಟರಲ್ಲಿ ಪಶ್ಚಾತ್ತಾಪದಿಂದ ಬೆಂದ ತಂದೆ ಓಡಿ ಬರುತ್ತಾನೆ, ಹೆಂಡತಿ ಬದುಕಿದ್ದಾಳೆ. ಆ ತಡವನ್ನು ಗೌತಮ ಹೊಗಳುತ್ತಾನೆ. ಒಂದೇ ಪರ್ವದಲ್ಲಿ ಒಂದು ತಡಕ್ಕೆ ಸಾವು, ಇನ್ನೊಂದಕ್ಕೆ ಮನ್ನಣೆ! ನನಗೆ ಕಾಣುವ ಅಂತರ ಇಷ್ಟು: ಚಿರಕಾರಿ ಆ ಹೊತ್ತೆಲ್ಲ ತನ್ನ ಮುಂದಿನ ಪ್ರಶ್ನೆಯನ್ನೇ ನೋಡುತ್ತಿದ್ದ. ಮೀನು ಅದರಿಂದ ಮುಖ ತಿರುಗಿಸಿತ್ತು.

ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಈ ಅಂತರ ಕೈಯಲ್ಲೇ ಇದೆ. ಹಾಲೆ ಮರವನ್ನು ತಂದ ದಿನವೇ ಕಡೆಯುವುದಿಲ್ಲ; ಹಸಿ ಮರ ಆಮೇಲೆ ಬಿರುಕು ಬಿಡುತ್ತದೆ. ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಆ ಕಾಯುವಿಕೆಯೂ ಕೆಲಸದ ಭಾಗ. ಒಣಗಿದ ಮರ ಲೇತ್ ಮೇಲೆ ಏರಿತೆಂದರೆ ರೀತಿಯೇ ಬೇರೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ನಡುವೆ ಕೈ ಬಿಟ್ಟು ಎದ್ದುಹೋದರೆ ಆ ಬಿಸಿ ಉಳಿಯುವುದಿಲ್ಲ. ಪ್ರಾಜೆಕ್ಟಿಗೆ ವಿಷಯ ಆರಿಸಲು ಹತ್ತು ದಿನ ಓದಿದ ಹುಡುಗ ಮರ ಒಣಗಿಸುತ್ತಿದ್ದಾನೆ. ವಿಷಯ ಒಪ್ಪಿಗೆಯಾದ ಮೇಲೂ ಇನ್ನೊಂದು ಪುಸ್ತಕ ನೋಡೋಣ ಎನ್ನುವವನು, ಅರಗು ಹಿಡಿಯಬೇಕಾದ ಹೊತ್ತಿನಲ್ಲಿ ಮರ ಒಣಗುವುದನ್ನೇ ನೋಡುತ್ತಾ ಕೂತಿದ್ದಾನೆ.

ಲೇತ್ ಮುಂದೆ ಕೂತವರದ್ದು ಏಕಾಗ್ರತೆ. ಚಿತ್ತಕ್ಕೆ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂಬ ಐದು ನೆಲೆಗಳನ್ನು ವ್ಯಾಸಭಾಷ್ಯ ಹೇಳುತ್ತದೆ. ರೀಲ್ಸ್‌ನಿಂದ ರೀಲ್ಸ್‌ಗೆ ಹಾರುವುದು ಕ್ಷಿಪ್ತ. ವಿಕ್ಷಿಪ್ತವೂ ಚಂಚಲವೇ, ಆದರೆ ಆಗಾಗ ನಿಲ್ಲಬಲ್ಲದು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇರುವುದು ಇಲ್ಲಿಯೇ, ಮತ್ತು ಇದು ಕೆಟ್ಟ ಜಾಗವಲ್ಲ. ನಿಂತ ಆ ಗಳಿಗೆಯನ್ನು ಹಿಡಿದು ಬೆಳೆಸುವುದಕ್ಕೆ ಪತಂಜಲಿ ಅಭ್ಯಾಸ ಎನ್ನುತ್ತಾನೆ. ಅದಕ್ಕೆ ಅವನು ಹೇಳುವ ಲಕ್ಷಣಗಳು ಮೂರು: ದೀರ್ಘಕಾಲ, ನಡುವೆ ಬಿಡದಿರುವುದು, ಆದರ. ಇಲ್ಲಿಯೂ ‘ದೀರ್ಘ’ ಬಂತು ನೋಡಿ. ಮೂರು ವರ್ಷದ ಪದವಿ ಉದ್ದದ್ದೇ. ಗೂಡಿನ ಎಳೆಯೂ ಉದ್ದದ್ದೇ. ಉದ್ದವಾಗಿರುವುದು ದೋಷವಲ್ಲ, ತುದಿ ಕೈಯಲ್ಲಿಲ್ಲದಿರುವುದು ದೋಷ.

ಬಿಚ್ಚುವಾಗ ಎಳೆ ತುಂಡಾಗುವುದೂ ಉಂಟು. ನೂಲು ಬಿಚ್ಚುವ ಮನೆಯಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತವರು ಅದಕ್ಕಾಗಿ ಗೂಡನ್ನು ಬೈಯುವುದಿಲ್ಲ, ತಮ್ಮನ್ನೂ ಬೈದುಕೊಳ್ಳುವುದಿಲ್ಲ. ಬಿಸಿನೀರಿಗೆ ಕೈ ಹಾಕಿ ಮತ್ತೆ ತುದಿ ಎತ್ತಿ ದಾರಕ್ಕೆ ಸೇರಿಸುತ್ತಾರೆ. ಹೊರಟುಹೋದ ಮನಸ್ಸನ್ನು ಅದು ಹೋದಲ್ಲಿಂದಲೇ ಹಿಂದೆ ಕರೆತರಬೇಕೆಂದು ಗೀತೆಯ ಆರನೆಯ ಅಧ್ಯಾಯ ಹೇಳುವುದೂ ಇದೇ ಹದದಲ್ಲಿ.

ಗೂಡಿಗೂ ಗಡುವಿದೆ. ಒಳಗಿನ ಜೀವವನ್ನು ಸಕಾಲಕ್ಕೆ ಬಿಸಿಗೆ ಒಡ್ಡದಿದ್ದರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಒಂದೇ ಎಳೆಯ ದಾರ ತೆಗೆಯಲಾಗದು. ಗಡುವು ಮೀರಿ, ಬ್ಯಾಕ್‌ಲಾಗ್ ಉಳಿಸಿಕೊಂಡು, ಅಪ್ಪ ಅಮ್ಮನಿಗೆ ಹೇಳಲಾಗದೆ ಕೂತ ಮಕ್ಕಳನ್ನು ನೆನೆದಾಗಲೆಲ್ಲ ನನಗೆ ಈ ತೂತಾದ ಗೂಡು ಕಣ್ಣಿಗೆ ಬರುತ್ತದೆ. ಕಥೆಯ ಮೂರನೆಯ ಮೀನಿಗೆ ಮತ್ತೊಂದು ಅವಕಾಶ ಸಿಗಲಿಲ್ಲ. ತೂತಾದ ಗೂಡನ್ನು ಮಾತ್ರ ಯಾರೂ ಬಿಸಾಡುವುದಿಲ್ಲ. ಅದನ್ನು ಬೇರೆಯಾಗಿ ಕೂಡಿಟ್ಟು, ಬೇಯಿಸಿ, ಬಿಡಿಸಿ, ಹತ್ತಿಯಂತೆ ನೂಲುತ್ತಾರೆ. ಆ ನೂಲಿಗೆ ಹೊಳಪು ತುಸು ಕಡಿಮೆ. ಅದೂ ರೇಷ್ಮೆಯೇ.