ಅರಿವಿಗಾಗಿ ಹಿಂಸೆ: ಧ್ರುವದ ಕಡಲು ಎತ್ತುವ ಪ್ರಶ್ನೆ

ರಾಜಗೋಪಾಲನಗರದ ಸುತ್ತಮುತ್ತ, ಪೀಣ್ಯದ ಕಾರ್ಖಾನೆಗಳ ನಡುವೆ, ಲೇತು ಮತ್ತು ಮಿಲ್ಲಿಂಗ್ ಯಂತ್ರಗಳನ್ನು ನಂಬಿ ಬಾಳುವ ಶ್ರಾವಕ ಕುಟುಂಬಗಳಿಗೆ ಉದ್ಯೋಗೀ ಹಿಂಸೆಯೆಂಬ ಮಾತು ಹೊಸದಲ್ಲ. ಯಂತ್ರ ತೊಳೆದ ಎಣ್ಣೆನೀರು ಎಲ್ಲಿಗೆ ಹರಿಯುತ್ತದೆ, ರಾತ್ರಿ ಪಾಳಿಯ ದೀಪಕ್ಕೆ ಎಷ್ಟು ಹುಳುಗಳು ಬಂದು ಬೀಳುತ್ತವೆ ಎಂದು ಚಿಂತಿಸುವ ಹಿರಿಯರು ನಮ್ಮಲ್ಲಿದ್ದಾರೆ. ಆದರೆ ಅಂತಹ ಮನೆಯ ಮಗಳೊಬ್ಬಳು, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯಕ್ಕೆ ಸೇರಿ ಕಡಲ ಜೀವಿಗಳನ್ನು ಅಭ್ಯಸಿಸುವೆನೆಂದರೆ ತಂದೆತಾಯಿಗಳು ಏನು ಹೇಳಬೇಕು? ಅವಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೆ ಬಸದಿಯ ಟ್ರಸ್ಟು ಅದನ್ನು ಬದಿಗಿಡಬೇಕೆ? ಮೀನಿನ ವಿಷಯ ನಮಗೆ ಸಲ್ಲದು ಎಂದುಬಿಡುವುದು ಸುಲಭ. ಆ ಉತ್ತರ ಸಾಲದೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ಹೇಳಲು ಬಹುದೂರದ, ಆದರೆ ಪ್ರಶ್ನೆಯನ್ನು ಅತ್ಯಂತ ನಿಚ್ಚಳವಾಗಿ ತೋರಿಸುವ ಒಂದು ಕಡಲಿನತ್ತ ಹೋಗಬೇಕಾಗುತ್ತದೆ.

ದಕ್ಷಿಣ ಧ್ರುವವನ್ನು ಸುತ್ತುವರಿದ ಹಿಮಸಾಗರದಲ್ಲಿ ಕ್ರಿಲ್ ಎಂಬ, ಸೀಗಡಿಯನ್ನು ಹೋಲುವ ಜೀವಿಯಿದೆ. ಉದ್ದ ಹೆಚ್ಚೆಂದರೆ ಆರು ಸೆಂಟಿಮೀಟರು, ತೂಕ ಸುಮಾರು ಎರಡು ಗ್ರಾಂ. ಕಣ್ಣುಳ್ಳ ಈ ಪ್ರಾಣಿಯನ್ನು ನಾಲ್ಕು ಇಂದ್ರಿಯಗಳಿಗಿಂತ ಕೆಳಗಿನ ವರ್ಗದಲ್ಲಿ ಇಡುವಂತಿಲ್ಲ. ತಿಮಿಂಗಿಲ, ಸೀಲ್, ಪೆಂಗ್ವಿನ್, ಮೀನು ಎಲ್ಲವೂ ಅಲ್ಲಿ ಇದನ್ನೇ ತಿಂದು ಬದುಕುತ್ತವೆ. 2000ದಲ್ಲಿ ನಾಲ್ಕು ದೇಶಗಳ ಹಡಗುಗಳು ಕೂಡಿ ನೈಋತ್ಯ ಅಟ್ಲಾಂಟಿಕ್ ಭಾಗದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕ್ರಿಲ್ ಪ್ರಮಾಣ ಸುಮಾರು ಆರು ಕೋಟಿ ಟನ್ ಎಂದು ಅಂದಾಜಾಯಿತು. 2019ರ ಸಮೀಕ್ಷೆಯ ಅಂಕಿಯೂ ಅದರ ಹತ್ತಿರದಲ್ಲೇ ಇತ್ತು. ಟನ್ ಎಂಬ ಮಾತನ್ನು ನಾವು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಟನ್ನಿನಲ್ಲಿ ಕಡಿಮೆಯೆಂದರೂ ಐದು ಲಕ್ಷ ಜೀವಗಳು.

ಭಾರತವೂ ಈ ಕಡಲಿಗೆ ಹೊರಗಿನದಲ್ಲ. ಅಲ್ಲಿಯ ಜೀವಸಂಪತ್ತನ್ನು ಕಾಯುವ ಅಂತರರಾಷ್ಟ್ರೀಯ ಆಯೋಗಕ್ಕೆ ನಮ್ಮ ದೇಶ 1986ರಲ್ಲಿ ಸದಸ್ಯವಾಯಿತು. 1995-96ರಲ್ಲಿ ‘ಸಾಗರ ಸಂಪದ’ ಎಂಬ ಸಂಶೋಧನಾ ನೌಕೆ ಕ್ರಿಲ್ ಅಧ್ಯಯನಕ್ಕೆಂದೇ ಅತ್ತ ಸಾಗಿತು. ಇಂತಹ ಅಧ್ಯಯನದ ಕ್ರಮ ಹೀಗೆ: ಹಡಗಿನಿಂದ ನೀರಿಗೆ ಶಬ್ದದ ಅಲೆಗಳನ್ನು ಬಿಟ್ಟು, ಮರಳಿದ ಪ್ರತಿಧ್ವನಿಯಿಂದ ಹಿಂಡಿನ ಗಾತ್ರವನ್ನು ಅಳೆಯುತ್ತಾರೆ. ಆದರೆ ಪ್ರತಿಧ್ವನಿ ಯಾವ ಜೀವಿಯದು, ಅದರ ಉದ್ದವೆಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳಲು ಬಲೆ ಬೀಸಲೇಬೇಕು. ಬಲೆಗೆ ಬಂದವು ಬದುಕುವುದಿಲ್ಲ.

ಈ ಬಲೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಎಲ್ಲಿಡೋಣ? ಉದ್ಯೋಗೀ ಹಿಂಸೆಯೆಂದು ಹೇಳಿ ಜಾರಿಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಲೇತಿನ ಮಾಲೀಕನು ಹುಳುವನ್ನು ಕೊಲ್ಲಲೆಂದು ದೀಪ ಹಚ್ಚುವುದಿಲ್ಲ; ವಿಜ್ಞಾನಿಯಾದರೋ ಹಿಡಿಯಲೆಂದೇ ಬಲೆ ಬೀಸುತ್ತಾನೆ. ಕೊಲ್ಲುವ ಸಂಖ್ಯೆ ಅಲ್ಪವಾಗಿದ್ದರೂ ಸಂಕಲ್ಪ ಸಂಕಲ್ಪವೇ. ಇದನ್ನು ಮೊದಲು ಒಪ್ಪಿಕೊಂಡರೆ ಮುಂದಿನ ಮಾತು ಪ್ರಾಮಾಣಿಕವಾಗುತ್ತದೆ.

ಅರಿವಿನ ಹೆಸರು ಎಷ್ಟು ಹಿಂಸೆಯನ್ನು ಮುಚ್ಚಬಲ್ಲದೆಂಬುದಕ್ಕೆ ನಿದರ್ಶನವಿದೆ. ಜಪಾನು 1987ರಿಂದ ದಕ್ಷಿಣ ಸಾಗರದಲ್ಲಿ ಸಂಶೋಧನೆಯ ಪರವಾನಗಿಯಡಿ ತಿಮಿಂಗಿಲಗಳನ್ನು ಕೊಲ್ಲುತ್ತಿತ್ತು; ಅವುಗಳ ಮಾಂಸ ಮಾರುಕಟ್ಟೆಗೆ ಹೋಗುತ್ತಿತ್ತು. ಆಸ್ಟ್ರೇಲಿಯಾ ಹೂಡಿದ ದಾವೆಯಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು 2014ರ ಮಾರ್ಚ್ 31ರಂದು ತೀರ್ಪಿತ್ತು, 2005ರಲ್ಲಿ ಆರಂಭವಾದ ಎರಡನೆಯ ಹಂತದ ಕೊಲೆಗಳು ವೈಜ್ಞಾನಿಕ ಸಂಶೋಧನೆಯ ಉದ್ದೇಶಕ್ಕೆ ನಡೆದವಲ್ಲವೆಂದು ಹೇಳಿತು. ಆ ಹಂತದಲ್ಲಿ ಸತ್ತ ಮಿಂಕೆ ತಿಮಿಂಗಿಲಗಳು ಸುಮಾರು 3,600. ಕೊಲ್ಲದೆಯೇ ಅದೇ ಅರಿವನ್ನು ಪಡೆಯುವ ಮಾರ್ಗಗಳನ್ನು ಸರಿಯಾಗಿ ಪರಿಶೀಲಿಸಿದಿರಾ ಎಂಬುದು ನ್ಯಾಯಾಲಯ ಎತ್ತಿದ ಪ್ರಶ್ನೆಗಳಲ್ಲೊಂದು. ನಮ್ಮ ಟ್ರಸ್ಟುಗಳು ಕೇಳಬೇಕಾದದ್ದೂ ಇದನ್ನೇ.

ಮಾರ್ಗಗಳು ಇವೆ. ಪೆಂಗ್ವಿನ್ ಏನು ತಿಂದಿತೆಂದು ತಿಳಿಯಲು ಹಿಂದೆ ಅದನ್ನು ಕೊಂದು ಹೊಟ್ಟೆ ಸೀಳುವುದಿತ್ತು. ಬಳಿಕ ನೀರು ಕುಡಿಸಿ ವಾಂತಿ ಮಾಡಿಸಿ ಬಿಟ್ಟುಬಿಡುವ ಕ್ರಮ ಬಂತು, ಅದೂ ಪೀಡೆಯೇ. ಇಂದು ಉದುರಿದ ಗರಿ, ನೆಲಕ್ಕೆ ಬಿದ್ದ ಹಿಕ್ಕೆ ಇವುಗಳ ಪರೀಕ್ಷೆಯಿಂದಲೇ ಆಹಾರವನ್ನು ಗುರುತಿಸಬಹುದು. ನೆಲೆಗಳಲ್ಲಿ ನೆಟ್ಟ ಛಾಯಾಗ್ರಾಹಕ ಯಂತ್ರಗಳು ಮರಿಗಳನ್ನು ಎಣಿಸುತ್ತವೆ. ಕ್ರಿಲ್ ಮಾಪನಕ್ಕೆ ಮಾತ್ರ ಬಲೆಯ ಅವಲಂಬನೆ ಪೂರ್ಣವಾಗಿ ಬಿಟ್ಟಿಲ್ಲ.

ಹಾಗಾದರೆ ಅರಿಯದೆ ಇದ್ದುಬಿಡುವುದೇ ಲೇಸಲ್ಲವೆ ಎಂದು ಕೆಲವರು ಕೇಳಬಹುದು. ಇಲ್ಲಿ ಇತಿಹಾಸದ ಒಂದು ಪಾಠವಿದೆ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲೇ ಇಪ್ಪತ್ತು ಲಕ್ಷಕ್ಕೂ ಮಿಕ್ಕ ತಿಮಿಂಗಿಲಗಳು ಹತವಾದವು. ತಿನ್ನುವವರು ಹೋದ ಮೇಲೆ ಕ್ರಿಲ್ ಮಿಗುತ್ತದೆ, ಆ ಮಿಗತೆಯನ್ನು ಮನುಷ್ಯ ತೆಗೆದುಕೊಳ್ಳಬಹುದು ಎಂಬ ಲೆಕ್ಕ ಹುಟ್ಟಿತು. 1981-82ರ ವೇಳೆಗೆ, ಮುಖ್ಯವಾಗಿ ಸೋವಿಯತ್ ಹಡಗುಗಳಿಂದ, ವರ್ಷಕ್ಕೆ ಐದು ಲಕ್ಷ ಟನ್ನಿಗೂ ಹೆಚ್ಚು ಕ್ರಿಲ್ ಹಿಡಿಯಲಾಯಿತು. ಆದರೆ ನಿರೀಕ್ಷಿಸಿದ ಮಿಗತೆ ಕಾಣಲಿಲ್ಲ. ತಿಮಿಂಗಿಲದ ಮಲದಲ್ಲಿ ಕಬ್ಬಿಣದ ಅಂಶ ಹೇರಳ. ಆ ಕಡಲಲ್ಲಿ ಕಬ್ಬಿಣ ದುರ್ಲಭ. ಅದರಿಂದ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಕ್ರಿಲ್ ತಿನ್ನುತ್ತದೆ ಎಂಬ ಸಂಬಂಧವನ್ನು ಸಂಶೋಧಕರು ಈಚೆಗೆ ವಿವರಿಸುತ್ತಿದ್ದಾರೆ. ತಿನ್ನುವ ಜೀವಿಯೇ ತಿನ್ನಿಸಿಕೊಳ್ಳುವ ಜೀವಿಯ ಕುಲಕ್ಕೆ ಅನ್ನವನ್ನೂ ಒದಗಿಸುತ್ತದೆಂದಾಯಿತು. ಜೀವಗಳ ಪರಸ್ಪರ ಉಪಕಾರವನ್ನು ಹೇಳಿದ ಉಮಾಸ್ವಾಮಿಗಳೇ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು ಮುಂದಿಟ್ಟರು. ಆ ಕಡಲಲ್ಲಿ ಅರಿಯದ ಕೈ ಮಾಡಿದ ಹಿಂಸೆಯ ಮುಂದೆ ಅರಿಯಹೊರಟವರ ಬಲೆ ಬಹಳ ಚಿಕ್ಕದು.

ಅರಿವು ಕೈಯನ್ನು ತಡೆದದ್ದೂ ಉಂಟು. ಆಯೋಗದ ನಿಯಮದಂತೆ ನೈಋತ್ಯ ಅಟ್ಲಾಂಟಿಕ್ ಭಾಗದಲ್ಲಿ ವರ್ಷಕ್ಕೆ 6.2 ಲಕ್ಷ ಟನ್ ಮುಟ್ಟಿದರೆ ಬೇಟೆ ನಿಲ್ಲಬೇಕು. 2009ರಿಂದ ಆ ಮಿತಿಯನ್ನು ಉಪವಲಯಗಳಿಗೆ ಹಂಚಿ, ಹಡಗುಗಳೆಲ್ಲ ಪೆಂಗ್ವಿನ್ನುಗಳು ಮೇಯುವ ಒಂದೇ ಜಾಗಕ್ಕೆ ಮುಗಿಬೀಳದಂತೆ ಮಾಡಿದ್ದರು. ಸದಸ್ಯ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ 2024ರಲ್ಲಿ ಆ ಹಂಚಿಕೆ ಅಳಿಯಿತು. 2025ರ ಆಗಸ್ಟಿನಲ್ಲಿ ಮಿತಿ ಮುಟ್ಟಿ ಬೇಟೆಯನ್ನು ಅವಧಿಗೆ ಮುನ್ನವೇ ಮುಚ್ಚಬೇಕಾಯಿತು. ಹಂಚಿಕೆ ಮತ್ತೆ ಬರಬೇಕಾದರೆ ಪೆಂಗ್ವಿನ್ ಎಲ್ಲಿ ಮೇಯುತ್ತದೆಂದು ಬಲ್ಲವರು ಆ ಸಭೆಯಲ್ಲಿ ಕೂತಿರಬೇಕು. ಅಂತಹವರಲ್ಲಿ ನಮ್ಮ ಮನೆಯ ಮಗಳೊಬ್ಬಳು ಏಕಿರಬಾರದು? ಟ್ರಸ್ಟು ವೇತನ ಕೊಡಲಿ. ಕೊಡುವಾಗ, ಕೊಲ್ಲದ ವಿಧಾನಗಳಿರುವ ಕಡೆ ಅವನ್ನೇ ಕಲಿಯುವೆನೆಂಬ ಮಾತನ್ನು ಅವಳಿಂದ ಪಡೆಯಲಿ.

ಕೃತ, ಕಾರಿತ, ಅನುಮೋದನೆಗಳ ಲೆಕ್ಕ ಮಾತ್ರ ಅವಳೊಬ್ಬಳದಲ್ಲ. ಹಿಡಿದ ಕ್ರಿಲ್ ಬಹುಪಾಲು ಹೋಗುವುದು ಸಾಕುಮೀನಿನ ಮೇವಿಗೆ ಮತ್ತು ಹೃದಯಕ್ಕೆ ಒಳ್ಳೆಯದೆಂದು ಮಾರುವ ಒಮೆಗಾ-3 ಗುಳಿಗೆಗಳಿಗೆ. ಔಷಧದಂಗಡಿಯಲ್ಲಿ ಕೊಳ್ಳುವ ಅಂತಹ ಗುಳಿಗೆಯ ಎಣ್ಣೆ ಮೀನಿನದೋ ಕ್ರಿಲ್ಲಿನದೋ ಎಂದು ಚೀಟಿ ಓದುವವರು ನಮ್ಮಲ್ಲಿ ಎಷ್ಟು ಮಂದಿ? ಕ್ರಿಲ್ಲಿಗೂ ಆ ಸತ್ವ ಬರುವುದು ಪಾಚಿಯಿಂದ. ಪಾಚಿಯಿಂದಲೇ ತೆಗೆದ ಎಣ್ಣೆಯ ಗುಳಿಗೆಗಳೂ ದೊರೆಯುತ್ತವೆ. ಹೊದಿಕೆಯಲ್ಲಿ ಜೆಲಟಿನ್ ಇದೆಯೇ ಎಂಬುದನ್ನು ನೋಡಿಕೊಂಡು, ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬಹುದು.