ಹುಸಿ ಪ್ರಾಣಾಯಾಮ

ಹೊಸ ಗುಳಿಗೆಯನ್ನು ಪರೀಕ್ಷಿಸುವುದು ಒಂದು ಲೆಕ್ಕಕ್ಕೆ ಸುಲಭ. ಅರ್ಧ ಜನಕ್ಕೆ ನಿಜವಾದ ಔಷಧ, ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ಗಾತ್ರದ ಹುಸಿ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ನುಂಗಿದವರಿಗೂ ಗೊತ್ತಿರುವುದಿಲ್ಲ, ಕೊಟ್ಟವರಿಗೂ ಗೊತ್ತಿರುವುದಿಲ್ಲ. ಯೋಗಕ್ಕೆ ಅಂಥ ಹುಸಿಯನ್ನು ಎಲ್ಲಿಂದ ತರುವುದು? ಶವಾಸನದಲ್ಲಿರುವವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತೇ ಇರುತ್ತದೆ (ನಿದ್ದೆ ಹೋದವರ ಮಾತು ಬೇರೆ).

ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 53 ಅಸ್ತಮಾ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡಲು ಹೇಳಿದ್ದರು. ವಯಸ್ಸು, ಕಾಯಿಲೆಯ ತೀವ್ರತೆಯಲ್ಲಿ ಅವರಿಗೆ ಹೊಂದುವ ಇನ್ನೂ 53 ಮಂದಿ ಮಾಮೂಲಿ ಔಷಧವನ್ನಷ್ಟೇ ಮುಂದುವರಿಸಿದರು. ಯೋಗ ಮಾಡಿದವರಿಗೆ ಉಬ್ಬಸ ಬರುವುದು ಕಡಿಮೆಯಾಯಿತು, ಔಷಧದ ಅಗತ್ಯವೂ ಇಳಿಯಿತು. ಆದರೆ ಅವರಿಗೆ ಸಿಕ್ಕಿದ್ದು ಯೋಗವೊಂದೇ ಅಲ್ಲವಲ್ಲ! ವಿಚಾರಿಸಿಕೊಳ್ಳುವ ಶಿಕ್ಷಕರು, ತಮ್ಮಂತೆಯೇ ದಮ್ಮಿನಿಂದ ನರಳಿದ ಜೊತೆಗಾರರು, ಗುಣವಾದೀತೆಂಬ ನಂಬಿಕೆ ಇವೆಲ್ಲವೂ ಸಿಕ್ಕಿದ್ದವು.

ಈ ತೊಡಕಿಗೊಂದು ಜಾಣ ಉಪಾಯ 1990ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಕಾಣಿಸಿತು. ವೀರೇಂದ್ರ ಸಿಂಗ್ ಮತ್ತು ಸಂಗಡಿಗರು ಬಳಸಿದ್ದು ಉಸಿರಾಟದ ಸಾಧನವೊಂದನ್ನು. ಹೆಸರು ಪಿಂಕ್ ಸಿಟಿ ಲಂಗ್ ಎಕ್ಸರ್‌ಸೈಸರ್. ಅದನ್ನು ಬಾಯಿಗಿಟ್ಟರೆ, ಪ್ರಾಣಾಯಾಮದಲ್ಲಿರುವಂತೆ, ರೇಚಕ (ಉಸಿರು ಬಿಡುವ ಹೊತ್ತು) ತಾನಾಗಿಯೇ ಪೂರಕದ (ಉಸಿರೆಳೆಯುವ ಹೊತ್ತಿನ) ಎರಡರಷ್ಟಾಗುತ್ತಿತ್ತು. ಜೊತೆಗೆ, ಅದನ್ನೇ ಹೋಲುವ ಒಂದು ಹುಸಿ ಸಾಧನ. ಸೌಮ್ಯ ಅಸ್ತಮಾದ 18 ಮಂದಿ ಎರಡನ್ನೂ ಸರದಿಯಂತೆ ಎರಡೆರಡು ವಾರ ಬಳಸಿದರು. ಶ್ವಾಸಕೋಶದ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ನಿಜ ಸಾಧನದ ಬಳಿಕ ಶ್ವಾಸನಾಳವನ್ನು ಕೆರಳಿಸಲು ಹಿಸ್ಟಮಿನ್ ಎಂಬ ರಾಸಾಯನಿಕ ಮೊದಲಿಗಿಂತ ಹೆಚ್ಚು ಬೇಕಾಯಿತು. ನಾಳದ ಮುಂಗೋಪ ತುಸು ಇಳಿದಿತ್ತು ಅನ್ನೋಣ.

ಟೀವಿಯಲ್ಲಿ ‘ಇನ್‌ಹೇಲರ್ ಎಸೆಯಿರಿ’ ಎಂದು ಅಬ್ಬರಿಸುವವರಿಗೆ ಈ ‘ತುಸು’ ಸಾಲದು. ನನಗೆ ಮಾತ್ರ ಅವರ ನೂರು ಸಾಕ್ಷಿಗಳಿಗಿಂತ ಈ ಹದಿನೆಂಟು ಮಂದಿಯ ಮೇಲೆ ಭರವಸೆ ಹೆಚ್ಚು.

ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ 3,959 ಭಾರತೀಯರ ಮೇಲೆ ನಡೆದ ‘ಯೋಗ-ಕೇರ್’ ಪ್ರಯೋಗದ ಫಲಿತಾಂಶವೂ ಹೀಗೆಯೇ ಸಂಕೋಚದ್ದು. ಮೂರು ತಿಂಗಳಲ್ಲಿ 13 ತರಗತಿ ನಡೆಸಿದರೂ ಸಾವು, ಮತ್ತೊಂದು ಆಘಾತದಂಥ ಅನಾಹುತಗಳು ಖಚಿತವಾಗಿ ತಗ್ಗಿದವೆನ್ನಲು ಬರಲಿಲ್ಲ. ಆದರೆ ಯೋಗ ಕಲಿತವರು ಹಳೆಯ ಕೆಲಸಕಾರ್ಯಗಳಿಗೆ ಇತರರಿಗಿಂತ ಚೆನ್ನಾಗಿ ಮರಳಿದರು, ಆರೋಗ್ಯ ಸುಧಾರಿಸಿದೆ ಎಂದರು. ಅಂದಹಾಗೆ, ಹೃದಯದ ಚಿಕಿತ್ಸೆ ಎರಡೂ ಗುಂಪಿಗೆ ನಡೆದೇ ಇತ್ತು.